ಸೊಳ್ಳೆ ಕಟ್ಟಿದ ಪದ್ಯ

"ಅಲ್ಲ, ಹಳೇದಾಯ್ತು ಅಂತ ಎಲ್ಲಾನೂ ಕೆಡವ್ತಾ ಹೋದ್ರೆ ಕೊನೆಗೆ ಉಳಿಯೋದಾದ್ರೂ ಏನು?"

ಅಪ್ಪ ಈ ಮಾತು ಕೇಳಿದ್ದು ಯಾರನ್ನೂ ಅಲ್ಲ. ಎದುರಿನ ಕನ್ನಡಿಯನ್ನಂತೂ ಅಲ್ಲ, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಟೈಲರ್ ಮಾಮನನ್ನೂ ಅಲ್ಲ. ಅಪ್ಪನ ಕಣ್ಣು ಅಂಗಡಿಯ ಬಾಗಿಲಾಚೆ ಇತ್ತು. ಕೈಯಲ್ಲಿದ್ದ ಕತ್ತರಿ ಮಾತ್ರ ಗಾಳಿಯಲ್ಲೇ ಕಚ್ ಕಚ್ ಕಚ್ ಅನ್ನುತ್ತಿತ್ತು.

"ಉಳಿಯೋದು ನನ್ನ ಅರ್ಧ ಕೂದಲು," ಅಂದರು ಟೈಲರ್ ಮಾಮ. "ಒಂದು ತೋಳು ಹೊಲಿದು ಇನ್ನೊಂದು ತೋಳು ಮರೆತ ಅಂಗಿ ಥರ ಕಾಣ್ತಿದೀನಿ. ಮೊದಲು ಈ ಕಡೆ ಕೆಡವಪ್ಪ, ಆಮೇಲೆ ಬೀದಿ ನೋಡು."

ಮೂಲೆಯಲ್ಲಿ ಕೂದಲು ಗುಡಿಸುತ್ತಿದ್ದ ಸೊಳ್ಳೆ ಕಿಸಕ್ಕನೆ ನಕ್ಕಳು. ನಕ್ಕು, ಪೊರಕೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

ಎದುರಿನ ಹಳೇ ಕಟ್ಟಡದ ಮೇಲೆ ಇಬ್ಬರು ಏಣಿ ಹಾಕಿ ದೊಡ್ಡ ಬೋರ್ಡು ಕಟ್ಟುತ್ತಿದ್ದರು. ಬೋರ್ಡಿನಲ್ಲಿ ಹೊಸ ಕಟ್ಟಡದ ಚಿತ್ರ. ಆಕಾಶ ಮುಟ್ಟುವಷ್ಟು ಎತ್ತರ, ಎಲ್ಲ ಕಡೆ ಗಾಜು. ಕೆಳಗೆ ಮುಖವೇ ಇಲ್ಲದ ಜನ ಬ್ಯಾಗು ಹಿಡಿದು ನಡೆಯುತ್ತಿದ್ದರು. ಸೊಳ್ಳೆ ತಮ್ಮ ಅಂಗಡಿ ಎಲ್ಲಿದೆ ಅಂತ ಹುಡುಕಿದಳು. ಅಂಗಡಿ ಇರಬೇಕಾದ ಜಾಗದಲ್ಲಿ ಹುಲ್ಲು ಬೆಳೆದಿತ್ತು.

"ಅಪ್ಪಾ, ನಮ್ಮನ್ನ ಹುಲ್ಲು ಮಾಡಿಬಿಟ್ಟಿದಾರೆ!"

ಅಪ್ಪ ನಗಲಿಲ್ಲ.

ಸೊಳ್ಳೆ ಅಂದರೆ ಅಪ್ಪನ ಒಬ್ಬಳೇ ಮಗಳು, ಐದನೇ ಕ್ಲಾಸು. ಆ ಹೆಸರು ಬಂದಿದ್ದು ಸ್ಕೂಲಿನಲ್ಲಿ. ಅವಳಿಗೆ ಪದ್ಯ ಅಂದರೆ ಪ್ರಾಣ. ಎಷ್ಟು ಉದ್ದದ್ದಾದರೂ ಎರಡು ಸಲ ಕೇಳಿದರೆ ಬಾಯಿಗೆ ಬಂದುಬಿಡುತ್ತಿತ್ತು. ಆದರೆ ಬಾಯಿಗೆ ಬಂದದ್ದು ಹೊರಗೆ ಬರುತ್ತಿರಲಿಲ್ಲ, ದನಿ ಅಷ್ಟು ಸಣ್ಣದು. ಒಂದು ದಿನ ಅವಳು ಇಡೀ ಪದ್ಯ ಹೇಳಿ ಮುಗಿಸಿದ ಮೇಲೆ ಮಿಸ್ಸು, "ಹಿಂದಿನ ಬೆಂಚು, ಕೇಳಿಸ್ತಾ?" ಅಂದರು. ಹಿಂದಿನ ಬೆಂಚಿನವರು, "ಶುರು ಮಾಡಿದ್ಲಾ ಮಿಸ್?" ಅಂದರು. ಒಬ್ಬ ಹುಡುಗ, "ಏನೋ ಗುಂಯ್ ಅಂತಿತ್ತು ಮಿಸ್, ಸೊಳ್ಳೆ ಅಂದ್ಕೊಂಡೆ," ಅಂದ. ಮುಗಿಯಿತು. ಹೆತ್ತವರು ಇಟ್ಟ ಹೆಸರು ಅವತ್ತಿನಿಂದ ಹಾಜರಿ ಕೂಗುವಾಗ ಮಾತ್ರ ಕೆಲಸಕ್ಕೆ ಬರುತ್ತಿತ್ತು.

ಹೀಗಿರುವಾಗ ಅವಳಿಗೆ ಸಿಕ್ಕಿದ್ದು ಹಳೇ ಕಟ್ಟಡದ ಮೆಟ್ಟಿಲು.

ಅವಳ ಗೆಳತಿ ಪೆನ್ಸಿಲ್ ಆ ಕಟ್ಟಡದ ತುದಿ ಮಹಡಿಯಲ್ಲಿದ್ದಳು. ಸಪೂರವಾಗಿ, ಉದ್ದವಾಗಿ ಇದ್ದುದರಿಂದ ಅವಳಿಗೆ ಆ ಹೆಸರು. ಅವಳನ್ನು ಕರೆಯಲು ಹೋಗಿ ಸೊಳ್ಳೆ ಒಂದು ಸಂಜೆ ಕೆಳಗಿನ ಮೆಟ್ಟಿಲ ಮೇಲೆ ನಿಂತು, ಸುಮ್ಮನಿರಲಾರದೆ, ಒಂದು ಪದ್ಯ ಶುರು ಮಾಡಿದ್ದಳು. ಅಬ್ಬಾ! ಕಲ್ಲಿನ ಮೆಟ್ಟಿಲು, ಕಲ್ಲಿನ ಗೋಡೆ, ತಲೆಯ ಮೇಲೆ ತಾರಸಿಯವರೆಗೂ ಬಾವಿಯ ಹಾಗೆ ಖಾಲಿ. ಅವಳ ದನಿ ಸುತ್ತು ಹಾಕಿಕೊಂಡು ಮೇಲೆ ಹೋಗಿ, ಎರಡರಷ್ಟು ದಪ್ಪವಾಗಿ ವಾಪಸು ಬಂತು. ಯಾರೋ ದೊಡ್ಡವರು ಹೇಳುತ್ತಿದ್ದಾರೆ ಅಂತ ಅವಳೇ ಒಮ್ಮೆ ಹಿಂತಿರುಗಿ ನೋಡಿದಳು.

ಅವತ್ತಿನಿಂದ ದಿನಾ ಸಂಜೆ ಅಲ್ಲಿಗೆ ಹೋಗುತ್ತಿದ್ದಳು. ಅಂಥ ಕಟ್ಟಡವನ್ನು ಈಗ ಕೆಡವುತ್ತಾರಂತೆ!

*

"ಕಟ್ಟಡ ಉಳಿಸಿ ಸಮಿತಿ" ಹುಟ್ಟಿದ್ದು ಅಪ್ಪನ ಅಂಗಡಿಯಲ್ಲೇ. ರಿಟೈರಾದ ಮೇಷ್ಟ್ರು ಅಧ್ಯಕ್ಷರಾದರು, ಏಕೆಂದರೆ ಅಂಗಡಿಯಲ್ಲಿದ್ದ ಒಂದೇ ಒಳ್ಳೆ ಕುರ್ಚಿಯಲ್ಲಿ ಅವರು ಆಗಲೇ ಕೂತಿದ್ದರು.

"ಇದು ಬರೀ ಇಟ್ಟಿಗೆ ಗಾರೆ ಅಲ್ಲ. ಇತಿಹಾಸ," ಅಂದರು ಮೇಷ್ಟ್ರು. "ಇಲ್ಲಿ ಹಿಂದೆ ಒಬ್ಬ ದೊಡ್ಡ ಅಧಿಕಾರಿ ಒಂದು ರಾತ್ರಿ ಉಳಿದಿದ್ದರಂತೆ."

"ಯಾವ ಅಧಿಕಾರಿ ಸಾರ್?" ಕೇಳಿದರು ಟೈಲರ್ ಮಾಮ.

"ಇತಿಹಾಸದಲ್ಲಿ ಹಾಗೆಲ್ಲ ಕೇಳಬಾರದು."

ಮಾರನೇ ದಿನ ಆ ಅಧಿಕಾರಿ ಮಂತ್ರಿಯಾದರು. ಅದರ ಮಾರನೇ ದಿನ ಟೈಲರ್ ಮಾಮನ ಬಾಯಲ್ಲಿ ರಾಜರಾದರು. ವಾರ ಮುಗಿಯುವ ಹೊತ್ತಿಗೆ ರಾಜರಿಗೊಂದು ಕುದುರೆಯೂ ಬಂತು, ಅದನ್ನು ಕಟ್ಟಿದ್ದ ಗೂಟ ಅಂತ ಕಟ್ಟಡದ ಬಾಗಿಲ ಪಕ್ಕದ ತುಕ್ಕು ಹಿಡಿದ ಪೈಪನ್ನು ಎಲ್ಲರೂ ಗೌರವದಿಂದ ನೋಡತೊಡಗಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಇನ್ನು ಕುದುರೆ ಬಂದರೆ ಬಿಡುತ್ತಾರೆಯೇ?

ಒಳಗಿನ ಮಾತು ಬೇರೆಯೇ ಇತ್ತು. ಮೇಷ್ಟ್ರ ಮನೆಗೆ ಮೇನ್ ರೋಡಿನ ಹಾರನ್ ಸದ್ದು ಬರದಂತೆ ತಡೆಯುತ್ತಿದ್ದುದು ಆ ಕಟ್ಟಡ. ಅದಿಲ್ಲದಿದ್ದರೆ ಮಧ್ಯಾಹ್ನದ ನಿದ್ದೆ ಇಲ್ಲ. ಟೈಲರ್ ಮಾಮನ ಬೋರ್ಡಿನ ಮೇಲೆ "ಹಳೇ ಕಟ್ಟಡದ ಎದುರು" ಅಂತ ಬರೆದಿತ್ತು, ಹೊಸದಾಗಿ ಬರೆಸಿದ್ದರು ಬೇರೆ. ಬಾಯಲ್ಲಿ ರಾಜ, ಹೊಟ್ಟೆಯಲ್ಲಿ ಬೋರ್ಡು.

ಸೊಳ್ಳೆಗೆ ದೊಡ್ಡವರ ಈ ಗುಟ್ಟೆಲ್ಲ ಗೊತ್ತಿತ್ತು. ಕೂದಲು ಗುಡಿಸುವವರಿಗೆ ಗೊತ್ತಿಲ್ಲದ್ದು ಯಾವುದು? ಅವಳು ಮನಸ್ಸಿನಲ್ಲೇ ನಗುತ್ತಿದ್ದಳು. ತನ್ನ ಹೊಟ್ಟೆಯಲ್ಲಿರುವುದೇನು ಅಂತ ಮಾತ್ರ ನೋಡಿಕೊಳ್ಳಲು ಹೋಗಲಿಲ್ಲ. ಅವಳದು ಕಲೆ, ಬೇರೆ ವಿಷಯ.

"ನಾನು ಒಂದು ಪದ್ಯ ಬರೀತೀನಿ," ಅಂದಳು.

"ಆಹಾ! ಭಾನುವಾರ ಎಂಜಿನಿಯರ್ ಬರ್ತಾರೆ. ಅವರ ಮುಂದೆ ಹೇಳಿಸೋಣ," ಅಂದರು ಮೇಷ್ಟ್ರು. "ಕಲ್ಲು ಮನಸ್ಸೂ ಕರಗಬೇಕು, ಹಾಗಿರಲಿ."

ಆಗಲೇ ಬಾಗಿಲಲ್ಲಿ ಪೆನ್ಸಿಲಳ ಅಮ್ಮ ಬಂದು ನಿಂತರು. ಆಸ್ಪತ್ರೆಯ ನರ್ಸು, ಡ್ಯೂಟಿ ಮುಗಿಸಿ ಬಂದ ಬಟ್ಟೆಯಲ್ಲೇ ಇದ್ದರು. "ಏನೋ ಮೀಟಿಂಗ್ ಅಂತೆ. ನಾವೂ ಕೂತ್ಕೋಬಹುದಾ?"

"ಆಮೇಲೆ ಬನ್ನಿ ತಾಯಿ," ಅಂದರು ಮೇಷ್ಟ್ರು ಪ್ರೀತಿಯಿಂದಲೇ. "ಈಗ ಕಟ್ಟಡದ ವಿಷಯ ಮಾತಾಡ್ತಿದೀವಿ."

ಆ ತಾಯಿ ಒಂದು ಕ್ಷಣ ಅಲ್ಲೇ ನಿಂತರು. ಎದುರಿನ ಕಟ್ಟಡದ ಕಡೆ, ತುದಿ ಮಹಡಿಯ ತಮ್ಮ ಕಿಟಕಿಯ ಕಡೆ ನೋಡಿದರು. ಆಮೇಲೆ ಹೋದರು. ಇದರಲ್ಲಿ ನಗುವಂಥದ್ದು ಏನಾದರೂ ಇದೆ ಅಂತ ಅಂಗಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಸೊಳ್ಳೆಗೂ ಹೊಳೆಯಲಿಲ್ಲ. ಅವಳು ಆಗಲೇ ಪ್ರಾಸ ಹುಡುಕುತ್ತಿದ್ದಳು.

*

*ಓ ಕಟ್ಟಡವೇ, ಓ ಕಟ್ಟಡವೇ,*
*ನಿನ್ನ ಬಿಟ್ಟರೆ ನಾವು ಕೆಟ್ಟೆವೆ!*
*ನಿನ್ನ ಕಿಟಕಿಗೆ ನಮಸ್ಕಾರ,*
*ಕೆಡಹುವ ಕೈಗೆ ಧಿಕ್ಕಾರ!*

ಹೀಗೆ ಶುರುವಾದ ಪದ್ಯ ಬಾಗಿಲಿಗೊಂದು ನಮಸ್ಕಾರ, ಗೋಡೆಗೊಂದು ನಮಸ್ಕಾರ ಹಾಕುತ್ತಾ ಬೆಳೆಯಿತು. ತಾರಸಿಗೆ ಬಂದಾಗ ತೊಂದರೆಯಾಯಿತು. ಅಲ್ಲಿದ್ದದ್ದು ನೀರಿನ ಟ್ಯಾಂಕು. ಟ್ಯಾಂಕಿಗೆ ಬ್ಯಾಂಕು ಬಿಟ್ಟರೆ ಬೇರೆ ಪ್ರಾಸ ಸಿಗಲಿಲ್ಲ. ಸೊಳ್ಳೆ ಟ್ಯಾಂಕನ್ನು ಗೋಪುರ ಮಾಡಿದಳು.

*ನಿನ್ನ ಗೋಪುರ ಎಷ್ಟೆತ್ತರ!*
*ನಿನ್ನಷ್ಟು ಯಾರು ಹತ್ತಿರ?*

ಅರ್ಥ ಅವಳಿಗೂ ಪೂರ್ತಿ ಆಗಿರಲಿಲ್ಲ. ಆದರೆ ಮೆಟ್ಟಿಲಲ್ಲಿ ನಿಂತು ಹೇಳಿದಾಗ "ಎಷ್ಟೆತ್ತರ... ತ್ತರ... ತ್ತರ..." ಅಂತ ಮೇಲೆ ಹೋಗುವುದನ್ನು ಕೇಳಿದರೆ ಅರ್ಥ ಬೇಕು ಅನ್ನಿಸುತ್ತಿರಲಿಲ್ಲ.

ಅವಳಿಗೆ ಒಬ್ಬ ಕೇಳುಗರೂ ಸಿಕ್ಕಿದ್ದರು. ಪೆನ್ಸಿಲಳ ತಾತ. ಸೊಳ್ಳೆ ಶುರು ಮಾಡಿದ ಸ್ವಲ್ಪ ಹೊತ್ತಿಗೆ ತಾತ ಕಟಕಟೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು, ಅವಳಿಗಿಂತ ಸ್ವಲ್ಪ ಮೇಲೆ ತಿರುವಿನಲ್ಲಿ ಬಂದು ನಿಲ್ಲುತ್ತಿದ್ದರು. ನಿಂತರೆ ಪದ್ಯ ಮುಗಿಯುವವರೆಗೂ ಕದಲುತ್ತಿರಲಿಲ್ಲ. ಕಣ್ಣು ಮುಚ್ಚಿ, ತುಟಿ ಬಿಗಿ ಹಿಡಿದು, ಭಾರವನ್ನು ಈ ಕಾಲಿನಿಂದ ಆ ಕಾಲಿಗೆ, ಆ ಕಾಲಿನಿಂದ ಈ ಕಾಲಿಗೆ ಬದಲಿಸುತ್ತಾ ನಿಲ್ಲುತ್ತಿದ್ದರು. ತಾಳ ಹಾಕುತ್ತಿದ್ದಾರೆ ಅಂದುಕೊಂಡಳು ಸೊಳ್ಳೆ. ಅವರಿಗೋಸ್ಕರ ಪದ್ಯಕ್ಕೆ ಇನ್ನೂ ನಾಲ್ಕು ನಮಸ್ಕಾರ ಸೇರಿಸಿದಳು. ಗುರುವಾರವಂತೂ ಖುಷಿ ತಡೆಯಲಾರದೆ, ಮುಗಿದ ಪದ್ಯವನ್ನು ಮತ್ತೆ ಮೊದಲಿನಿಂದ ಹೇಳಿದಳು. ಅವತ್ತು ತಾತನ ಕಣ್ಣಲ್ಲಿ ನೀರೇ ಬಂದಿತ್ತು.

"ನೋಡು, ಹಿಂದಿನ ಬೆಂಚು!" ಅಂತ ಅವಳು ಮನಸ್ಸಿನಲ್ಲೇ ಸ್ಕೂಲಿಗೆಲ್ಲ ಸಾರಿದಳು.

ಪೆನ್ಸಿಲ್ ಮಾತ್ರ ಶುಕ್ರವಾರದಿಂದ ಮಾತು ಬಿಟ್ಟಿದ್ದಳು. ಕ್ಲಾಸಿನಲ್ಲಿ ಜಾಗ ಬದಲಿಸಿ ಕೂತಳು. ಕರೆದರೂ ತುಟಿ ಪಿಟಕ್ಕೆನ್ನಲಿಲ್ಲ. ಹೊಟ್ಟೆಕಿಚ್ಚು, ಅಂತ ಸೊಳ್ಳೆ ತೀರ್ಮಾನ ಮಾಡಿದಳು. ಕವಿಗಳಿಗೆ ಇದೆಲ್ಲ ಇದ್ದದ್ದೇ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮ ನಗುತ್ತಾ, "ಏನ್ರೀ, ರಾಜರ ಕುದುರೆಗೆ ಹುಲ್ಲು ಹಾಕಿದ್ರಾ ಇವತ್ತು?" ಅಂದರು. ಅಮ್ಮ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದರು. ಬೀದಿಯ ಸುದ್ದಿಯೆಲ್ಲ ಅಲ್ಲಿ ಬನ್ನಿನ ಜೊತೆ ಪುಕ್ಕಟೆ ಸಿಗುತ್ತಿತ್ತು.

ಅಪ್ಪನಿಗೆ ಕತ್ತರಿ ಕೈಯಲ್ಲಿದ್ದರೆ ಮಾತು ಹೊಳೆ, ಕತ್ತರಿ ಕೆಳಗಿಟ್ಟರೆ ಬಾಯಿಗೆ ಬೀಗ. ತಟ್ಟೆಯ ಅನ್ನವನ್ನು ಬೆರಳಿಂದ ಒಂದು ಪಕ್ಕಕ್ಕೆ ಸರಿಸಿದರು. ಆಮೇಲೆ ಅಂದರು, "ಹೊಸ ಬಿಲ್ಡಿಂಗ್‌ನಲ್ಲಿ ಕೆಳಗಡೆ ಸಲೂನ್ ಬರುತ್ತಂತೆ ಕಣೇ. ಎ.ಸಿ. ಇರೋದು. ತಿರುಗೋ ಕುರ್ಚಿ ಸಾಲಾಗಿ ಹಾಕ್ತಾರಂತೆ."

ಅಮ್ಮನ ನಗು ನಿಂತಿತು.

"ನನ್ನ ಹತ್ರ ಯಾರು ಬರ್ತಾರೆ ಆಮೇಲೆ?"

ಸೊಳ್ಳೆ ಊಟ ಮಾಡುವುದನ್ನೂ ಮರೆತು ಅಪ್ಪನನ್ನು ನೋಡಿದಳು. ಅಪ್ಪನಿಗೆ ಹೆದರಿಕೆಯಾಗುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಈ ಪದ್ಯ ಹೇಳಲೇಬೇಕು, ಅಂದುಕೊಂಡಳು. ಎಷ್ಟು ಚೆನ್ನಾಗಿ ಹೇಳಬೇಕು ಅಂದರೆ, ಎಂಜಿನಿಯರ್ ಬೋರ್ಡು ಕಿತ್ತುಕೊಂಡು ಅಳುತ್ತಾ ಹೋಗಬೇಕು.

*

ಶನಿವಾರ ಸಂಜೆ ಸೊಳ್ಳೆ ಮೊದಲ ಸಲ ಹಳೇ ಕಟ್ಟಡದ ಮೆಟ್ಟಿಲನ್ನು ಪೂರ್ತಿ ಹತ್ತಿದಳು. ಯಾವಾಗಲೂ ಪೆನ್ಸಿಲೇ ಕೆಳಗೆ ಬರುತ್ತಿದ್ದಳು. ಈಗ ಮಾತು ಬಿಟ್ಟಿದ್ದರಿಂದ ಬೇರೆ ದಾರಿ ಇರಲಿಲ್ಲ. ತಾತನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುವುದಾಗಿ ಹೇಳಬೇಕಿತ್ತು.

ಹತ್ತುತ್ತಾ ಹತ್ತುತ್ತಾ ಅವಳಿಗೇ ಉಸಿರು ಕಟ್ಟಿತು. ಮೆಟ್ಟಿಲುಗಳ ಅಂಚು ಸವೆದು ಜಾರುತ್ತಿತ್ತು. ಕಟಕಟೆ ಅಲ್ಲಲ್ಲಿ ಕಿತ್ತುಹೋಗಿತ್ತು.

ಬಾಗಿಲು ತೆರೆದೇ ಇತ್ತು. ಒಂದೇ ಕೋಣೆ. ಮಂಚದ ಮೇಲೆ, ಸೂರಿನ ಕೆಳಗೆ, ಪ್ಲಾಸ್ಟಿಕ್ ಹಾಳೆ ಕಟ್ಟಿತ್ತು. ಅದರ ತುದಿಗೆ ಒಂದು ಬಕೆಟ್ಟು. ಗೋಡೆಯ ಮೇಲೆ ತೇವ ನಕಾಶೆಯ ಹಾಗೆ ಹಬ್ಬಿತ್ತು. ಸೊಳ್ಳೆ ಆ ಗೋಡೆಗೂ ಒಂದು ನಮಸ್ಕಾರ ಹಾಕಿದ್ದಳು.

ಕೋಣೆಯ ನಡುವೆ ತಾತ ವಿಚಿತ್ರವಾಗಿ ನಡೆಯುತ್ತಿದ್ದರು. ಮಂಚದಿಂದ ಎದ್ದು, ನಾಲ್ಕು ಹೆಜ್ಜೆ ಹಾಕಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಚೌಕದೊಳಗೆ ಹೋಗಿ ನಿಂತರು.

"ಬಾಗಿಲು ತೆಗೀಲಿಲ್ಲ ತಾತ ನೀವು! ಗೋಡೆ ಒಳಗಿಂದ ಹೋದ್ರಿ," ಅಂದಳು ಪೆನ್ಸಿಲ್. ಅಷ್ಟರಲ್ಲಿ ಸೊಳ್ಳೆಯನ್ನು ನೋಡಿದಳು. ಮುಖ ಗಂಟಾಯಿತು.

"ಬಾರಮ್ಮ, ಬಾ," ಅಂದರು ತಾತ. "ಬಾತ್‌ರೂಮಲ್ಲಿ ನಿಂತಿದೀನಿ, ತಪ್ಪು ತಿಳ್ಕೋಬೇಡ. ಹೊಸ ಮನೇದು. ನಮಗೂ ಅಲ್ಲೇ ಮನೆ ಕೊಡ್ತಾರಂತೆ, ಸಹಿ ಹಾಕಿ ಕೊಟ್ಟಿದಾರೆ. ಈ ಹುಡುಗಿ ಈಗಲೇ ಪ್ರಾಕ್ಟೀಸ್ ಮಾಡಿಸ್ತಿದಾಳೆ."

"ತಾತ, ನಾಳೆ ನನ್ನ ಪದ್ಯ ಇದೆ," ಅಂದಳು ಸೊಳ್ಳೆ. "ನಿಮಗೆ ಮುಂದಿನ ಕುರ್ಚಿ. ನನ್ನ ಪದ್ಯಾನ ನಿಮ್ಮಷ್ಟು ಯಾರೂ ಕೇಳಿಲ್ಲ. ದಿನಾ ಬಂದು ನಿಲ್ತೀರಲ್ಲ."

ಪೆನ್ಸಿಲ್ ಸೀಮೆಸುಣ್ಣ ಬಿಸಾಡಿದಳು. "ಪದ್ಯ ಕೇಳೋಕೆ ಬಂದು ನಿಲ್ತಿದ್ರು ಅಂದ್ಕೊಂಡಿದೀಯಾ?"

"ಏಯ್, ಸುಮ್ನಿರು," ಅಂದರು ತಾತ.

"ಟಾಯ್ಲೆಟ್ ಕೆಳಗಡೆ ಇದೆ ಕಣೇ! ಹಿತ್ತಲಲ್ಲಿ! ಇಡೀ ಬಿಲ್ಡಿಂಗಿಗೆ ಅದೊಂದೇ. ತಾತ ಅಲ್ಲಿಗೆ ಹೋಗೋಕೆ ಇಳೀತಾರೆ. ನೀನು ಮೆಟ್ಟಿಲ ಮಧ್ಯೆ ನಿಂತ್ಕೊಂಡು ನಮಸ್ಕಾರ ಹಾಕ್ತಿರ್ತೀಯ!"

ಸೊಳ್ಳೆಯ ಕಿವಿ ಬಿಸಿಯಾಯಿತು. "ಹಾಗಾದ್ರೆ... ಪಕ್ಕಕ್ಕೆ ಸರಿ ಅನ್ನಬಹುದಿತ್ತಲ್ಲ ತಾತ?"

"ಅದು ಹಾಗಲ್ಲಮ್ಮ," ಅಂದರು ತಾತ ಸಂಕೋಚದಿಂದ, ತಪ್ಪು ತಮ್ಮದೇ ಅನ್ನುವ ಹಾಗೆ. "ನಮ್ಮ ಮನೇಲಿ ಚಿಕ್ಕಂದಿನಿಂದ ಹಾಗೆ ಕಲಿಸಿಬಿಟ್ಟಿದಾರೆ. ಯಾರಾದ್ರೂ ಪದ್ಯ ಹೇಳ್ತಿದ್ರೆ ಮಧ್ಯೆ ಎದ್ದು ಓಡಾಡೋ ಹಾಗಿಲ್ಲ. ಹೇಳೋರು ಮಗು ಆದ್ರೂ ಅಷ್ಟೇ. ಮುಗೀಲಿ ಅಂತ ನಿಂತ್ಕೊಳ್ತಿದ್ದೆ."

"ಪದ್ಯ ಹೇಗಿತ್ತು?" ಅಂತ ಸೊಳ್ಳೆಯ ಬಾಯಿಂದ ಬಂದೇ ಬಿಟ್ಟಿತು. ಇಂಥ ಹೊತ್ತಿನಲ್ಲೂ! ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಳ್ಳಬೇಕು ಅನ್ನಿಸಿತು.

"ಚೆನ್ನಾಗೇ ಇತ್ತು," ಅಂದರು ತಾತ. ಸ್ವಲ್ಪ ಯೋಚಿಸಿ, "ಒಂಚೂರು ಉದ್ದ," ಅಂದರು.

"ಗುರುವಾರ ನಾನು ಮತ್ತೆ ಮೊದಲಿಂದ ಶುರು ಮಾಡಿದ್ನಲ್ಲ..."

"ಗುರುವಾರ ಸ್ವಲ್ಪ ಕಷ್ಟ ಆಯ್ತು."

ತಾತ ನಕ್ಕರು. ಸೊಳ್ಳೆಗೂ ನಗು ಬಂತು. ತಾಳವಂತೆ ತಾಳ! ನಾಚಿಕೆಯೂ ನಗುವೂ ಒಟ್ಟಿಗೆ ಬಂದು, ಯಾವುದು ಯಾವುದು ಅಂತ ತಿಳಿಯದೆ ಅವಳು ಮುಖ ಮುಚ್ಚಿಕೊಂಡಳು.

ಪೆನ್ಸಿಲ್ ನಗಲಿಲ್ಲ. ಸೊಳ್ಳೆ ಹೊರಟಾಗ ಮೆಟ್ಟಿಲವರೆಗೆ ಬಂದಳು. ಅಲ್ಲಿ ಗೋಡೆಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ಗುರುವಾರ ಅಮ್ಮ ಡ್ಯೂಟಿಗೆ ಹೋಗಿದ್ರು. ತಾತನ ಬಟ್ಟೆ ನಾನೇ ಒಗೆದೆ. ತಾತ ಕುರ್ಚಿ ಮೇಲೆ ಆ ಕಡೆ ತಿರುಗಿ ಕೂತಿದ್ರು. ರಾತ್ರಿ ಊಟಾನೂ ಮಾಡ್ಲಿಲ್ಲ."

ಸೊಳ್ಳೆ ಮೆಟ್ಟಿಲಿಳಿದು ಬಂದಳು.

*

ಭಾನುವಾರ ಬೀದಿಗೆ ಬೀದಿಯೇ ಸೇರಿತ್ತು. ಟೈಲರ್ ಮಾಮ ಕುರ್ಚಿಗಳನ್ನು ಹಾಕಿಸಿದ್ದರು. ಸ್ಕೂಲಿನ ಮಿಸ್ಸು ಬಂದಿದ್ದರು. ಹಿಂದಿನ ಬೆಂಚಿನ ಹುಡುಗರು ಇಲ್ಲಿಯೂ ಹಿಂದೆಯೇ ನಿಂತಿದ್ದರು. ಸೊಳ್ಳೆ ಜೀವಮಾನದಲ್ಲಿ ಕಂಡ ಅತಿ ದೊಡ್ಡ ಸಭೆ ಅದು. ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದಳು.

ಎಂಜಿನಿಯರ್ ಅಂದರೆ ಮೀಸೆ ಇರುವ ದಪ್ಪ ಗಂಡಸು ಅಂತ ಎಲ್ಲರೂ ಅಂದುಕೊಂಡಿದ್ದರು. ಬಂದದ್ದು ಹಳದಿ ಹೆಲ್ಮೆಟ್ ಹಾಕಿದ ಒಬ್ಬ ಅಕ್ಕ. ಮೇಷ್ಟ್ರು ರಾಜರಿಂದ ಶುರು ಮಾಡಿ ಕುದುರೆಯವರೆಗೆ ಬಂದು, ಗೂಟವನ್ನೂ ತೋರಿಸಿದರು.

"ಇದು ಡ್ರೈನೇಜ್ ಪೈಪ್ ಸಾರ್," ಅಂದರು ಎಂಜಿನಿಯರ್ ಅಕ್ಕ.

"ಈಗ ಪೈಪು. ಆಗ ಗೂಟ."

"ಸರಿ ಸಾರ್. ನಿಮ್ಮಲ್ಲಿ ಇದರ ಒಳಗೆ ವಾಸ ಇರೋರು ಯಾರು?"

ಟೈಲರ್ ಮಾಮ ಕೆಮ್ಮಿದರು. "ಒಳಗಿನೋರು ಒಳಗಿದಾರೆ ಮೇಡಂ. ನಾವು ಈಗ... ಹೊರಗಿಂದ ನೋಡೋರ ಸಮಿತಿ."

ಹಿಂದಿನಿಂದ ಯಾರೋ ಗೊಳ್ಳನೆ ನಕ್ಕರು. ಮೇಷ್ಟ್ರಿಗೆ ಮುಖ ಕೆಂಪಾಯಿತು. "ಇರಲಿ, ಇರಲಿ. ಮಾತು ಸಾಕು. ನಮ್ಮ ಬೀದಿಯ ಕವಯಿತ್ರಿ ಇದ್ದಾಳೆ, ಅವಳ ಪದ್ಯ ಕೇಳಿ. ಬಾ ಮಗು, ಮುಂದೆ ಬಾ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಳ್ಳೆ ಮುಂದೆ ಬಂದಳು. ಆಗ ಅವಳ ಕಣ್ಣು ಕಟ್ಟಡದ ಬಾಗಿಲಿಗೆ ಹೋಯಿತು.

ತಾತ ಇಳಿದು ಬರುತ್ತಿದ್ದರು. ಒಂದು ಕೈ ಪೆನ್ಸಿಲಳ ಭುಜದ ಮೇಲೆ, ಇನ್ನೊಂದು ಕೈ ಗೋಡೆಯ ಮೇಲೆ. ಕೊನೆಯ ಮೆಟ್ಟಿಲು ಇಳಿದು ಹಿತ್ತಲ ಕಡೆ ತಿರುಗುವುದಿತ್ತು. ಅಷ್ಟರಲ್ಲಿ ಚಪ್ಪಾಳೆ ಕೇಳಿ ಹೊರಗೆ ನೋಡಿದರು. ಸೊಳ್ಳೆ ಸಭೆಯ ಮುಂದೆ ನಿಂತಿದ್ದು ಕಂಡಿತು.

ತಾತ ಅಲ್ಲೇ ನಿಂತುಬಿಟ್ಟರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ತುಟಿ ಬಿಗಿ ಮಾಡಿ, ಕಣ್ಣು ಮುಚ್ಚಿಕೊಂಡರು. ಪೆನ್ಸಿಲ್ ಅವರ ತೋಳು ಎಳೆದಳು. ತಾತ ತಲೆಯಾಡಿಸಿ ಬೇಡವೆಂದರು.

ಸೊಳ್ಳೆ ಬಾಯಿ ತೆರೆಯಲಿಲ್ಲ.

"ಮರೆತುಹೋಯ್ತೇನೋ," ಅಂದರು ಮಿಸ್ಸು ಮೆಲ್ಲಗೆ.

ಒಂದಕ್ಷರವೂ ಮರೆತಿರಲಿಲ್ಲ. ಇಡೀ ಪದ್ಯ ನಾಲಿಗೆಯ ತುದಿಯಲ್ಲೇ ಸಾಲಾಗಿ ನಿಂತಿತ್ತು, ಅಷ್ಟೂ ನಮಸ್ಕಾರಗಳು.

ಅಪ್ಪ ಜನರ ನಡುವಿನಿಂದ ಬಂದು ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಮೈಯಿಂದ ಪೌಡರಿನ ವಾಸನೆ ಬರುತ್ತಿತ್ತು. ಅವರ ಕೈ ಅವಳ ಬೆನ್ನ ಮೇಲೆ ಬಂತು.

"ಹೇಳು ಪುಟ್ಟಿ," ಅಂದರು, ಅವಳಿಗೆ ಮಾತ್ರ ಕೇಳಿಸುವ ಹಾಗೆ. "ನಮಗೋಸ್ಕರ. ಒಂದೇ ಒಂದು ಸಲ."

ಅಪ್ಪ ಅವಳನ್ನು ಯಾವತ್ತೂ ಏನೂ ಕೇಳಿದವರಲ್ಲ. ಸೊಳ್ಳೆ ಅಪ್ಪನ ಮುಖ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ತಾತ ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಿಸಿದರು.

"ಇಲ್ಲಪ್ಪ," ಅಂದಳು. "ನಾನು ಹೇಳಲ್ಲ."